ಲೋಹದ ಗಾಜು ಉಕ್ಕಿಗಿಂತ ಬಲಶಾಲಿ, ಆದರೂ ಥಟ್ಟನೆ ಮುರಿಯುವುದೇಕೆ?

ಲೋಹದ ಗಾಜು (ಪರಮಾಣುಗಳು ಸಾಲಾಗದೆ ಗಾಜಿನಂತೆ ಅಡ್ಡಾದಿಡ್ಡಿ ಕೂತ ಮಿಶ್ರಲೋಹ) ಉಕ್ಕನ್ನೂ ಮೀರಿಸುತ್ತದೆ ಅಂತಾರೆ, ಎಳೆದರೆ ಥಟ್ಟನೆ ತುಂಡಾಗುತ್ತದೆ ಅಂತಲೂ ಅಂತಾರೆ, ಯಾವುದು ಖರೆ, ಹೈಡ್ರಾಲಿಕ್ ಪಂಪಿನ ಭಾಗಕ್ಕೆ ಆದೀತೇ ಎಂದು ಕೇಳಿದ್ದೀರಿ. ಎರಡೂ ಖರೆ, ಎರಡಕ್ಕೂ ಕಾರಣ ಒಂದೇ.

ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಲ್ಯಾಬಿನಲ್ಲಿ ದಿನಾ ಟೆನ್ಸೈಲ್ ಬಾರ್, ಅಂದರೆ ಬಲ ಅಳೆಯುವ ಪರೀಕ್ಷಾ ಸರಳು, ಎಳೆದು ಮುರಿಯುವವನು. ಎಸ್‌ಜಿ (ಗುಂಡು ಗ್ರಾಫೈಟಿನ ಎರಕದ ಕಬ್ಬಿಣ) 500/7 ಅಂದರೆ ಕನಿಷ್ಠ 500 ಎಂಪಿಎ (ಮೆಗಾಪ್ಯಾಸ್ಕಲ್, ಬಲದ ಅಳತೆ) ಬಲ, ಮುರಿಯುವ ಮೊದಲು ಶೇ 7 ಹಿಗ್ಗು. ಆ ಎರಡನೇ ಅಂಕಿ ಕಡಿಮೆ ಬಂದರೆ ಮಾಲು ವಾಪಸ್. 1993ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಪೇಕರ್ ಮತ್ತು ಜಾನ್ಸನ್ ಪ್ರಕಟಿಸಿದ ಜಿರ್ಕೋನಿಯಂ ಗಾಜು ವಿಟ್ರೆಲಾಯ್-1 ಸುಮಾರು 1900 ಎಂಪಿಎ ತಡೆಯುತ್ತದೆ. ಶೇ 2ರಷ್ಟು ಹಿಗ್ಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಸಾದಾ ಉಕ್ಕಿಗೆ ಅದರ ಹತ್ತರಲ್ಲೊಂದು ಪಾಲೂ ಆಗದು. ಆದರೆ ಈ ಗಾಜನ್ನು ಆ ಶೇ 2 ದಾಟಿಸಿ ಎಳೆದರೆ ಕಾಯಂ ಹಿಗ್ಗು ಹೆಚ್ಚುಕಡಿಮೆ ಸೊನ್ನೆ.

ಭಾರದ ಜಮಖಾನೆಯನ್ನು ಇಡಿಯಾಗಿ ಎಳೆಯುವುದು ಕಷ್ಟ, ಒಂದು ಮಡಿಕೆ ಎಬ್ಬಿಸಿ ತಳ್ಳಿದರೆ ಸಲೀಸು. ಸಾಲಾಗಿ ಪರಮಾಣು ಕೂತ ಲೋಹದಲ್ಲಿ ಇಂಥ ಮಡಿಕೆಗಳಿವೆ, ಡಿಸ್‌ಲೊಕೇಶನ್ ಅನ್ನುತ್ತಾರೆ. ಅವು ಸರಿದಾಡುವುದರಿಂದಲೇ ಲೋಹ ಕಡಿಮೆ ಬಲಕ್ಕೂ ಬಾಗುತ್ತದೆ. ಸರಿದಾಡುತ್ತಾ ಒಂದಕ್ಕೊಂದು ಸಿಕ್ಕಿಕೊಂಡಾಗ ಬಾಗಿದ ಜಾಗ ಗಟ್ಟಿಯಾಗಿ, ಸರದಿ ಪಕ್ಕದ ಜಾಗಕ್ಕೆ ಹೋಗುತ್ತದೆ. ಗಾಜಿನಲ್ಲಿ ಸಾಲೇ ಇಲ್ಲ, ಮಡಿಕೆ ಎಲ್ಲಿಂದ ಬರಬೇಕು? ಅದಕ್ಕೇ ಆ ಬಲ. ಆದರೆ ಒಮ್ಮೆ ಪರಮಾಣುಗಳ ಒಂದು ಗುಂಪು ಜರುಗಿತೆಂದರೆ ಆ ಜಾಗ ಗಟ್ಟಿಯಾಗುವ ಬದಲು ಸಡಿಲಾಗುತ್ತದೆ, ಮುಂದಿನ ಜರುಗಾಟವೂ ಅಲ್ಲೇ. ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪದ ಪಟ್ಟಿಯೊಂದರಲ್ಲೇ ಎಲ್ಲ ಜಾರಿ ತುಂಡಾಗುತ್ತದೆ.

ಹಾಗಂತ ಕಿಟಕಿ ಗಾಜಿನ ಸಾಲಿಗೆ ಸೇರಿಸಬೇಡಿ. ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಗಡಾದರೆ ಮುರಿಯದೆ ಬಾಗುತ್ತದೆ, ಯಾಕೆಂದರೆ ಜಾರಾಟ ಒಂದೇ ಪಟ್ಟಿಯ ಬದಲು ಹಲವು ಸಣ್ಣ ಪಟ್ಟಿಗಳಿಗೆ ಹಂಚಿಹೋಗುತ್ತದೆ. 2008ರಲ್ಲಿ ಕ್ಯಾಲ್‌ಟೆಕ್‌ನವರೇ ಗಾಜಿನೊಳಗೆ ಮೆತ್ತನೆಯ ಹರಳಿನ (ಪರಮಾಣು ಸಾಲಾಗಿ ಕೂತ ಲೋಹದ) ಕವಲುಗಳನ್ನು ಬೆಳೆಸಿ, ಜಾರುವ ಪಟ್ಟಿಯನ್ನು ಅಲ್ಲಲ್ಲೇ ತಡೆದು, ಎಳೆತದಲ್ಲೂ ಶೇ 10ಕ್ಕಿಂತ ಹೆಚ್ಚು ಹಿಗ್ಗು ಪಡೆದರು. ಬಲ ಮಾತ್ರ 1200–1500 ಎಂಪಿಎ ಮಟ್ಟಕ್ಕೆ ಇಳಿಯಿತು. ನನಗೆ ಇದು ಲಾಭದ ವ್ಯಾಪಾರವೇ. ನಮ್ಮಲ್ಲೂ ಗ್ರೇ ಐರನ್ನಿನ (ಸಾದಾ ಎರಕದ ಕಬ್ಬಿಣದ) ಚಕ್ಕೆ ಗ್ರಾಫೈಟ್ ಎಸ್‌ಜಿಯಲ್ಲಿ ಗುಂಡಗಾದರೆ ಸಾಕು, ಎರಕದ ಗುಣವೇ ಬದಲಾಗುತ್ತದೆ. ಕಾರಣ ಬೇರೆ, ಆದರೆ ಒಳಗಿನ ಆಕಾರದ ಮಹತ್ವ ಅದೇ.

ನಿಮ್ಮ ಪಂಪಿನ ಹೊರಕವಚಕ್ಕೆ ಇದನ್ನು ಬಳಸಿ ಎಂದು ನಾನಂತೂ ಹೇಳುವುದಿಲ್ಲ. ಅಲ್ಲಿ ಒತ್ತಡ ಗೋಡೆಯನ್ನು ಎಳೆಯುತ್ತದೆ, ಸ್ಕ್ರೂ ಥ್ರೆಡ್ಡಿನ ಬುಡದಲ್ಲಿ ಆ ಎಳೆತ ಇನ್ನೂ ಹೆಚ್ಚು. ಮೇಲಾಗಿ ಜಿರ್ಕೋನಿಯಂ ಆಮ್ಲಜನಕ ಹೀರಿದರೆ ಹರಳುಗಟ್ಟುತ್ತದೆ, ವ್ಯಾಕ್ಯೂಮಿನಲ್ಲೋ ಆರ್ಗಾನ್‌ನಲ್ಲೋ ಕರಗಿಸಬೇಕು. ತೆಳ್ಳಗಿನ ಸ್ಪ್ರಿಂಗ್, ಡಯಾಫ್ರಾಮ್ (ಒತ್ತಡಕ್ಕೆ ಬಾಗುವ ತೆಳು ತಗಡು) ಬೇಕಿದ್ದರೆ ಧಾರಾಳವಾಗಿ ಯೋಚಿಸಿ.