ಮುಂಬೈಯಲ್ಲಿ ಯಾರಿಗೆ ಎಷ್ಟು ಭಕ್ಷೀಸು: ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಪ್ರಿಯ ಸೋದರಿ,

ದಾವಣಗೆರೆಯಿಂದ ಮುಲುಂಡಿಗೆ ಬಂದು ನಾಲ್ಕು ತಿಂಗಳಾಯಿತು, ಊರು ಒಗ್ಗಿದೆ, ಆದರೆ ಯಾರಿಗೆ ಎಷ್ಟು ಭಕ್ಷೀಸು ಕೊಡಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಪಾರ್ಲರಿನಲ್ಲಿ ಹೇಳಿದ್ದಕ್ಕಿಂತ ನಾಲ್ಕು ಅಂಗುಲ ಹೆಚ್ಚು ಕೂದಲು ಕತ್ತರಿಸಿದ ಹುಡುಗಿ ಬಿಲ್ ಕಟ್ಟುವಾಗ ಪಕ್ಕದಲ್ಲೇ ನಿಂತದ್ದರಿಂದ ಮುಜುಗರಕ್ಕೆ ನೂರು ರೂಪಾಯಿ ಕೊಟ್ಟು ಬಂದಿರಂತೆ. ಕೆಲಸದ ಬಾಯಿ (ಮನೆಗೆಲಸದ ಹೆಂಗಸರನ್ನು ಇಲ್ಲಿ ಕರೆಯುವುದೇ ಹಾಗೆ) ಈಗಲೇ ದೀಪಾವಳಿಯ ಬೋನಸ್ಸಿನ ಮಾತೆತ್ತಿದ್ದಾರಂತೆ. ಹೋಟೆಲೊಂದರ ಬಿಲ್ಲಿನಲ್ಲಿ ಶೇ 10ರಷ್ಟು ಸರ್ವಿಸ್ ಚಾರ್ಜ್ ಸೇರಿಸಿದ್ದರಂತೆ. ಈ ಮೂರೂ ನಿಮಗೆ ಒಂದೇ ಬಗೆಯ ಸುಲಿಗೆಯಾಗಿ ಕಂಡಿವೆ. ನನ್ನ ಲೆಕ್ಕದಲ್ಲಿ ಮೊದಲನೆಯದನ್ನು ನೀವು ಕೊಡಬೇಕಾಗಿರಲಿಲ್ಲ, ಎರಡನೆಯದನ್ನು ಕೊಡಲೇಬೇಕು, ಮೂರನೆಯದನ್ನು ಬಿಲ್ಲಿನಿಂದ ತೆಗೆಸಬಹುದು.

ಈ ನಗರದಲ್ಲಿ ಭಕ್ಷೀಸಿನ ದೊಡ್ಡ ಪಾಲು ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಸಲ್ಲುತ್ತದೆ. ದಿನನಿತ್ಯ ಕೈಬಿಟ್ಟು ಹೋಗುವುದು ಅಲ್ಪ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಹೊಸಬರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಎದುರಿಗೆ ನಿಂತವರ ಮುಖ ನೋಡಿ ದಿನವೂ ಇಪ್ಪತ್ತು, ಐವತ್ತು ಎಂದು ಕೊಡುತ್ತಾರೆ, ವರ್ಷವಿಡೀ ಮನೆಯ ಪಾತ್ರೆ ತೊಳೆದವರು ಹಬ್ಬಕ್ಕೆ ಬಾಯಿಬಿಟ್ಟು ಕೇಳಿದಾಗ ಮಾತ್ರ ಸಿಡಿಮಿಡಿಗೊಳ್ಳುತ್ತಾರೆ.

ಸುಲಭದ ವಿಷಯವನ್ನು ಮೊದಲು ಮುಗಿಸುತ್ತೇನೆ. ಆಟೊ, ಟ್ಯಾಕ್ಸಿಗಳಿಗೆ ಭಕ್ಷೀಸು ಬೇಡ. ನಮ್ಮ ಕಡೆ ಮೀಟರಿನ ಮೇಲೆ ಇಷ್ಟು ಕೊಡಿ ಎಂದು ಹತ್ತುವ ಮೊದಲೇ ನಡೆಯುವ ಚೌಕಾಸಿ ಇಲ್ಲಿ ಬಹುಮಟ್ಟಿಗೆ ಇಲ್ಲ. 2025ರ ಫೆಬ್ರುವರಿ 1ರಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ಆಟೊಗೆ 26 ರೂಪಾಯಿ, ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಗೆ 31 ರೂಪಾಯಿ ಎಂಬ ದರ ಜಾರಿಗೆ ಬಂತು; ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಅದರ ಕಾಲು ಭಾಗ ಹೆಚ್ಚು. ಚಾಲಕರು ಉಳಿದ ಚಿಲ್ಲರೆಯನ್ನು ಎಣಿಸಿ ಹಿಂದಿರುಗಿಸುತ್ತಾರೆ, ಪಡೆದುಕೊಳ್ಳಲು ಸಂಕೋಚಪಡಬೇಡಿ. ಇಲ್ಲಿನ ಕಿರಿಕಿರಿ ಬೇರೆಯದು: ಹತ್ತಿರದ ದೂರಕ್ಕೆ ಬರುವುದಿಲ್ಲ ಎಂದು ತಲೆಯಾಡಿಸಿ ಹೋಗಿಬಿಡುತ್ತಾರೆ. ಅದಕ್ಕೆ ಐದು ರೂಪಾಯಿಯ ಆಸೆ ತೋರಿಸುವುದು ಮದ್ದಲ್ಲ, ಮುಂದಿನ ಆಟೊಗೆ ಕೈ ತೋರಿಸಬೇಕು, ಅಷ್ಟೇ. ಆ್ಯಪಿನ ಟ್ಯಾಕ್ಸಿಗಳಲ್ಲಿ ಮಾತ್ರ ಗಾಡಿ ಬರುವ ಮುನ್ನವೇ ಹೆಚ್ಚುವರಿ ಹಣ ಸೇರಿಸಿದರೆ ಬೇಗ ಸಿಗಬಹುದೆಂಬ ಸೂಚನೆ ಕಾಣಿಸಿಕೊಳ್ಳಲಾರಂಭಿಸಿತ್ತು. 2025ರ ಮೇ ತಿಂಗಳಲ್ಲಿ ಇದೇ ವಿಷಯಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಊಬರ್‌ಗೆ ನೋಟಿಸ್ ಕೊಟ್ಟಿತು. ಮುಂಗಡ ಟಿಪ್ ಕೇಳುವುದು ಅನೈತಿಕ ಎಂದು ಆಗ ಹೇಳಿದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ನಮ್ಮ ಧಾರವಾಡದ ಸಂಸದರೇ. ಕೆಲಸವಾಗುವ ಮೊದಲೇ ಕೊಡುವ ಹಣವನ್ನು ಭಕ್ಷೀಸು ಎನ್ನಲು ನನಗೂ ಮನಸ್ಸು ಬಾರದು.

ಹೋಟೆಲಿನ ಸರ್ವಿಸ್ ಚಾರ್ಜ್ ಬಗ್ಗೆ ನಿಯಮ ಸ್ಪಷ್ಟವಾಗಿದೆ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡುವಂತಿಲ್ಲ ಎಂದು ಅದೇ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆದ್ದರಿಂದ ಬಿಲ್ ತಂದವರೊಡನೆ ವಾದಕ್ಕಿಳಿಯದೆ, ಇದನ್ನು ತೆಗೆದು ಬೇರೆ ಬಿಲ್ ಕೊಡಿ ಎಂದು ಮ್ಯಾನೇಜರನ್ನು ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಚಾರ್ಜ್ ತೆಗೆಸಿದ ಮೇಲೆ ಬಡಿಸಿದವರಿಗೆ ಏನಾದರೂ ಬಿಟ್ಟು ಏಳುವುದು ಒಳ್ಳೆಯದು, ಏಕೆಂದರೆ ನಿಮ್ಮ ತಕರಾರು ಮಾಲೀಕರೊಡನೆ ಇದ್ದದ್ದು. ಸಾಧಾರಣ ಉಡುಪಿ ಹೋಟೆಲುಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ; ಸೋಂಪಿನ ತಟ್ಟೆಯಲ್ಲಿ ಹತ್ತೋ ಇಪ್ಪತ್ತೋ ಇಟ್ಟರೆ ಸಾಕು. ಮಾಟುಂಗಾದಲ್ಲಿ ಹಳೆಯ ಕನ್ನಡಿಗರು ಅಷ್ಟಾದರೂ ಇಡದೆ ಏಳುವುದಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರು ಅವರಲ್ಲಿ ಎಷ್ಟೋ ಮಂದಿ. ಆ ತಟ್ಟೆಯ ಇನ್ನೊಂದು ಬದಿ ಅವರಿಗೆ ಗೊತ್ತು.

ಇನ್ನು ಬಾಯಿಯವರ ಬೋನಸ್. ನಾಲ್ಕೇ ತಿಂಗಳಾಗಿದೆ, ಯಾವ ಬಾಯಿಂದ ಕೇಳುತ್ತಾರೆ ಎಂದು ನೀವು ಬರೆದಿರುವುದನ್ನು ಓದಿ ಸ್ವಲ್ಪ ಬೇಸರವಾಯಿತು. ಇಲ್ಲಿ ದೀಪಾವಳಿಗೆ ಒಂದು ತಿಂಗಳ ಸಂಬಳವನ್ನು ಹೆಚ್ಚುವರಿಯಾಗಿ ಕೊಡುವುದು ಮನೆಮನೆಯ ಪದ್ಧತಿ. ಮನೆಯ ಊಟವನ್ನು ಕಚೇರಿಗೆ ತಲುಪಿಸುವ ಡಬ್ಬಾವಾಲಾಗಳಿಗೂ ಗಿರಾಕಿಗಳು ಹಬ್ಬಕ್ಕೆ ಒಂದು ತಿಂಗಳ ದರವನ್ನು ಹೆಚ್ಚಿಗೆ ಕೊಡುವ ರೂಢಿಯಿದೆ. ಇದು ಯಾರೋ ಒಬ್ಬ ಉದಾರಿ ಯಜಮಾನರಿಂದ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಇಲ್ಲಿನ ಬಟ್ಟೆ ಗಿರಣಿಗಳು ಬೆಲೆಯೇರಿಕೆಗೆ ಪರಿಹಾರವಾಗಿ ಕೂಲಿಯ ಶೇ 10ರಷ್ಟನ್ನು ಯುದ್ಧದ ಬೋನಸ್ ಎಂದು ಕೊಟ್ಟವು. ಕೊಟ್ಟದ್ದನ್ನು ನಿಲ್ಲಿಸಹೊರಟಾಗ ಮುಷ್ಕರಗಳಾದವು, ಅದು ಮಾಲೀಕರ ಮರ್ಜಿಯೋ ಕಾರ್ಮಿಕರ ಹಕ್ಕೋ ಎಂಬ ಜಗಳ ದಶಕಗಳ ಕಾಲ ನ್ಯಾಯಮಂಡಳಿಗಳಲ್ಲಿ ನಡೆಯಿತು, ಕೊನೆಗೆ 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಮುಂದೆ ಕಾಯ್ದೆಯಡಿ ನೆಲೆನಿಂತ ಕನಿಷ್ಠ ದರ ಶೇ 8.33, ಎಂದರೆ ವರ್ಷದ ಗಳಿಕೆಯ ಹನ್ನೆರಡರಲ್ಲಿ ಒಂದು ಪಾಲು, ಸರಿಯಾಗಿ ಒಂದು ತಿಂಗಳ ಸಂಬಳ. ಆ ಕಾಯ್ದೆ ನಮ್ಮ ನಿಮ್ಮ ಅಡುಗೆಮನೆಗೆ ಎಂದೂ ಅನ್ವಯಿಸಲಿಲ್ಲ ಎಂಬುದು ನಿಜ. ಆದರೆ ಗಿರಣಿ ಕಾರ್ಮಿಕರ ಊರಿನಲ್ಲಿ, ಗಂಡನಿಗೋ ಅಪ್ಪನಿಗೋ ಬೋನಸ್ ಬರುತ್ತಿದ್ದ ಚಾಳಿನಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಬೆಳೆದ ಹೆಂಗಸಿಗೆ ತನ್ನ ದುಡಿಮೆಗೂ ಅದೇ ಸಲ್ಲಬೇಕೆನ್ನಿಸುವುದು ಸಹಜವಲ್ಲವೇ?

ಲೆಕ್ಕ ಹೀಗೆ ಹಾಕಿ. ವರ್ಷ ತುಂಬಿದವರಿಗೆ ಪೂರ್ತಿ ಒಂದು ತಿಂಗಳ ಸಂಬಳ. ತುಂಬದವರಿಗೆ ದುಡಿದ ತಿಂಗಳುಗಳಿಗೆ ತಕ್ಕಷ್ಟು. ತಿಂಗಳಿಗೆ 3,000 ರೂಪಾಯಿ ಪಡೆಯುವವರು ನಾಲ್ಕು ತಿಂಗಳು ಕೆಲಸ ಮಾಡಿದ್ದರೆ ಅವರಿಗೆ ಸಲ್ಲುವುದು 1,000 ರೂಪಾಯಿ. ಈ ಲೆಕ್ಕವನ್ನು ಅವರ ಎದುರಿಗೇ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ನಗದಿನ ಬದಲಿಗೆ ನಾಲ್ಕು ಸಲ ಉಟ್ಟ ಸೀರೆ, ಕಚೇರಿಯಿಂದ ಬಂದ ಮಿಠಾಯಿಯ ಡಬ್ಬಿ ಇವುಗಳನ್ನು ಬೋನಸ್ ಎಂದು ಮುಂದೆ ಚಾಚುವ ಗೃಹಿಣಿಯರಿದ್ದಾರೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ. ಮಿಠಾಯಿ ಕೊಡುವುದಿದ್ದರೆ ಹಣದ ಜೊತೆಗೆ ಕೊಡಿ. ಖಾಡೆ ಮಾಡಿದ (ಕೆಲಸಕ್ಕೆ ಬಾರದ) ದಿನಗಳನ್ನು ಬೋನಸ್ಸಿನಲ್ಲಿ ಕಳೆಯುವುದೂ ಸರಿಯಲ್ಲ. ತಿಂಗಳಿಗೆ ಎಷ್ಟು ರಜೆ, ಗಣಪತಿಗೂ ಮೇ ತಿಂಗಳಿಗೂ ಊರಿಗೆ ಹೋಗುವಾಗ ಬದಲಿ ಬಾಯಿಯನ್ನು ಯಾರು ಗೊತ್ತುಮಾಡಬೇಕು, ಆ ದಿನಗಳ ಸಂಬಳ ಯಾರಿಗೆ, ಇವನ್ನೆಲ್ಲ ಕೆಲಸಕ್ಕಿಡುವ ದಿನವೇ ಮಾತಾಡಿಕೊಳ್ಳಬೇಕು. ನೀವು ಮಾತಾಡಿಲ್ಲವೆಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಬೋನಸ್ ಕೊಡುವ ದಿನ ಮಾತಾಡಿ, ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಕಟ್ಟಡದ ವಾಚ್‌ಮನ್, ಲಿಫ್ಟ್ ನೋಡಿಕೊಳ್ಳುವವರು, ಮೆಟ್ಟಿಲು ಗುಡಿಸುವವರು ಇವರಿಗೆಲ್ಲ ಸಾಮಾನ್ಯವಾಗಿ ಕಟ್ಟಡದ ನಿವಾಸಿಗಳ ಸೊಸೈಟಿಯೇ ಮನೆಗಿಷ್ಟು ಎಂದು ಸಂಗ್ರಹಿಸಿ ಹಂಚುತ್ತದೆ. ಮೊದಲು ಕಾರ್ಯದರ್ಶಿಯವರನ್ನು ಕೇಳಿ, ಇಲ್ಲವಾದರೆ ಎರಡು ಸಲ ಕೊಟ್ಟಂತಾಗುತ್ತದೆ. ಪೇಪರಿನವರು, ಹಾಲಿನವರು, ಇಸ್ತ್ರಿಯವರು, ಅಂಚೆಯವರು ದೀಪಾವಳಿಯ ಪೋಸ್ತ್, ಅಂದರೆ ಹಬ್ಬದ ಭಕ್ಷೀಸು, ಕೇಳಿ ಬಾಗಿಲಿಗೆ ಬರುತ್ತಾರೆ. ನೂರರ ಆಸುಪಾಸಿನಲ್ಲಿ ನಿಮಗೆ ತೋಚಿದಷ್ಟು ಕೊಡಿ. ಕಸದ ಗಾಡಿಯವರೆಂದು ಹೇಳಿಕೊಂಡು ಒಂದೇ ವಾರದಲ್ಲಿ ಮೂರು ಗುಂಪುಗಳು ಬರುವುದುಂಟು, ಆದ್ದರಿಂದ ವಾಚ್‌ಮನ್ ಗುರುತಿಸಿದವರಿಗೆ ಮಾತ್ರ ಕೊಡುವುದು ಕ್ಷೇಮ. ಮಹಾನಗರ ಪಾಲಿಕೆಯ ನೌಕರರಿಗೆ 2025ರ ದೀಪಾವಳಿಗೆ ಪಾಲಿಕೆಯೇ 31,000 ರೂಪಾಯಿ ಘೋಷಿಸಿತ್ತು, ನಾವೇಕೆ ಕೊಡಬೇಕು ಎಂದು ನಮ್ಮ ಕಟ್ಟಡದಲ್ಲಿ ವಾದಿಸುವವರಿದ್ದಾರೆ. ಗಾಡಿಯ ಹಿಂದೆ ಜೋತುಬಿದ್ದು ಬರುವ ಹುಡುಗ ಗುತ್ತಿಗೆಯವನಾಗಿದ್ದರೆ ಅವನ ಕೈಗೆ ಆ ಹಣ ಬರುವುದಿಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ಪಾರ್ಲರಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ಸಿಟ್ಟೆಲ್ಲ ಅಲ್ಲೇ ಇದೆ. ಕೆಲಸ ಕೆಟ್ಟಿದ್ದರೆ ಭಕ್ಷೀಸು ಕೊಡಬೇಕಾಗಿಲ್ಲ. ಪಕ್ಕದಲ್ಲಿ ಯಾರು ನಿಂತಿದ್ದರೂ ಕೊಡಬೇಕಾಗಿಲ್ಲ. ಆದರೆ ಏನೂ ಹೇಳದೆ ಮುಖ ಗಂಟಿಕ್ಕಿಕೊಂಡು ಬರುವುದರಿಂದಲೂ, ನೀವು ಮಾಡಿದಂತೆ ಏನೂ ಹೇಳದೆ ನೂರು ಕೊಟ್ಟು ಬರುವುದರಿಂದಲೂ ಆ ಹುಡುಗಿಗೆ ತನ್ನ ಕತ್ತರಿ ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ. ಕುರ್ಚಿಯಲ್ಲಿ ಕುಳಿತಿರುವಾಗಲೇ, ಮೊದಲ ಎಳೆ ಕತ್ತರಿಸಿದಾಗಲೇ ಕನ್ನಡಿಯಲ್ಲಿ ನೋಡಿ ಹೇಳಬೇಕು. ಎಷ್ಟು ಉದ್ದ ತೆಗೆಯಬೇಕೆಂದು ಮಾತಿನಲ್ಲಿ ಹೇಳದೆ ಬೆರಳಿನಿಂದ ತೋರಿಸಬೇಕು, ಏಕೆಂದರೆ ಅವರ ಒಂದು ಅಂಗುಲವೂ ನಮ್ಮ ಒಂದು ಅಂಗುಲವೂ ಎಂದೂ ಒಂದಾಗಿಲ್ಲ. ಓರೆಕೋರೆಯಾಗಿದ್ದರೆ ಎರಡು ಮೂರು ದಿನಗಳಲ್ಲಿ ಮರಳಿ ಹೋಗಿ, ಸ್ವಲ್ಪ ಗೌರವವಿರುವ ಪಾರ್ಲರುಗಳು ಹಣ ಕೇಳದೆ ಸರಿಪಡಿಸಿಕೊಡುತ್ತವೆ.

ಇನ್ನೊಂದು ದೂರು, ತಲೆಗೆ ಹೋದರೆ ಮುಖ ಕಪ್ಪಾಗಿದೆ ಎನ್ನುತ್ತಾರೆ, ಮುಖಕ್ಕೆ ಹೋದರೆ ಕೂದಲು ಒಣಗಿದೆ ಎನ್ನುತ್ತಾರೆ ಎಂಬುದು. ಹೌದು, ದೊಡ್ಡ ಪಾರ್ಲರುಗಳಲ್ಲಿ ಹುಡುಗಿಯರಿಗೆ ತಿಂಗಳಿಗೆ ಇಷ್ಟು ವ್ಯಾಪಾರ ಮಾಡಬೇಕೆಂಬ ಗುರಿಯಿರುತ್ತದೆ, ಅದರ ಮೇಲೆಯೇ ಅವರ ಹೆಚ್ಚುವರಿ ಗಳಿಕೆ ನಿಂತಿರುತ್ತದೆ. ದೂರದ ನಾಲಾಸೋಪಾರಾದಿಂದಲೋ ಕಲ್ಯಾಣಿನಿಂದಲೋ ಲೋಕಲ್ ರೈಲಿನಲ್ಲಿ ನಿಂತು ಬಂದು ದಿನವಿಡೀ ಮತ್ತೆ ನಿಂತೇ ಇರುವವಳು ಆ ಮಾತನ್ನು ಸ್ವಂತ ಆಸೆಯಿಂದ ಆಡುವುದಿಲ್ಲ. ಇವತ್ತು ಇಷ್ಟೇ ಸಾಕು ಎಂದು ಮೊದಲೇ ಒಮ್ಮೆ ನಗುತ್ತ ಹೇಳಿಬಿಡಿ. ದರವನ್ನೂ ಕೂರುವ ಮುನ್ನ ಕೇಳಿ: ಕೂದಲಿನ ಉದ್ದಕ್ಕೆ ತಕ್ಕಂತೆ ದರ ಬದಲಾಗುತ್ತದೆಯೇ, ಬೋರ್ಡಿನಲ್ಲಿರುವುದು ತೆರಿಗೆ ಸೇರಿಸಿಯೋ ಬಿಟ್ಟೋ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಇನ್ನೂ ಹಳೆಯ ದರದ ತೆರಿಗೆ ಹಾಕಿದ್ದರೆ ಪ್ರಶ್ನಿಸಿ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸಣ್ಣ ಪಾರ್ಲರುಗಳು ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ, ನೋಂದಣಿ ಸಂಖ್ಯೆಯಿಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಕೇಳುವ ಹಕ್ಕು ಯಾರಿಗೂ ಇಲ್ಲ.

ಕೆಲಸ ಚೆನ್ನಾಗಿದ್ದರೆ ಎಷ್ಟು ಕೊಡಬೇಕು? ನಾನು ಗಲ್ಲಿಯ ಪಾರ್ಲರಿನಲ್ಲಿ ಇಪ್ಪತ್ತರಿಂದ ಐವತ್ತು, ದೊಡ್ಡದರಲ್ಲಿ ಐವತ್ತರಿಂದ ನೂರು ಕೊಡುತ್ತೇನೆ. ತಲೆ ತೊಳೆದ ಹುಡುಗಿ ಬೇರೆಯಾಗಿದ್ದರೆ ಅವಳಿಗೆ ಇಪ್ಪತ್ತು. ಮಾಲೀಕರೇ ಕತ್ತರಿ ಹಿಡಿದಿದ್ದರೆ ಏನೂ ಬೇಡ. ಹಣವನ್ನು ಕೌಂಟರಿನಲ್ಲಿ ಬಿಲ್ಲಿನ ಜೊತೆ ಕಾರ್ಡಿನಲ್ಲಿ ಸೇರಿಸದೆ ನೇರವಾಗಿ ಅವರ ಕೈಗೆ ಕೊಡಿ.

ಮನೆಗೇ ಬಂದು ಪಾರ್ಲರಿನ ಕೆಲಸ ಮಾಡುವ ಆ್ಯಪಿನ ಹುಡುಗಿಯರ ವಿಷಯದಲ್ಲಿ ಹಣಕ್ಕಿಂತ ನಕ್ಷತ್ರಗಳು ಮುಖ್ಯ. ಕೆಲಸ ಮುಗಿಯುತ್ತಲೇ ಐದು ಸ್ಟಾರ್ ಕೊಡಿ ಮೇಡಂ ಎಂದು ಬೇಡುವುದು ನಿಮಗೆ ಅಸಹ್ಯವೆನಿಸಿದೆ. ನಮಗೆ ನಾಲ್ಕು ನಕ್ಷತ್ರವೆಂದರೆ ಪರವಾಗಿಲ್ಲ ಎಂಬ ಶಿಫಾರಸು. ಅವರಿಗೆ ಸರಾಸರಿ ಇಳಿದರೆ ಕೆಲಸವೇ ಕಡಿಮೆಯಾಗುತ್ತದೆ, ಖಾತೆ ಸ್ಥಗಿತಗೊಳ್ಳುವ ಭಯವೂ ಇದೆ. ತಡವಾಗಿ ಬಂದದ್ದು ಟ್ರಾಫಿಕ್ಕಿನಿಂದಾಗಿದ್ದರೆ ನಕ್ಷತ್ರ ಕಳೆಯಬೇಡಿ. ನಿಜವಾಗಿ ಕೆಟ್ಟ ಕೆಲಸವಾಗಿದ್ದರೆ, ತೆರೆದ ಹಳೆಯ ಡಬ್ಬಿಯ ವ್ಯಾಕ್ಸ್ ಬಳಸಿದ್ದರೆ, ಸಂಕೋಚವಿಲ್ಲದೆ ಬರೆಯಿರಿ. ಆ್ಯಪ್ ಬಿಟ್ಟು ನೇರವಾಗಿ ಕರೆಯಿರಿ, ಕಡಿಮೆಗೆ ಮಾಡುತ್ತೇನೆ ಎಂದು ನಂಬರ್ ಕೊಡುವವರೂ ಇರುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೂ ಪೂರ್ತಿ ಪರಿಚಯವಾಗುವವರೆಗೆ ನಾನು ಹಾಗೆ ಕರೆಯುವುದಿಲ್ಲ, ಏನಾದರೂ ಹೆಚ್ಚುಕಡಿಮೆಯಾದರೆ ಕೇಳಲು ಯಾರೂ ಇರುವುದಿಲ್ಲ. ಊಟ, ದಿನಸಿ ತರುವ ಹುಡುಗರಿಗೆ ಮಾಮೂಲು ದಿನ ಕೊಡದಿದ್ದರೂ ನಡೆಯುತ್ತದೆ. ಜುಲೈ ಮಳೆಯಲ್ಲಿ ಮೊಣಕಾಲುದ್ದ ನೀರು ದಾಟಿ ಬಂದವರಿಗೆ ಕೊಡದೆ ಬಾಗಿಲು ಹಾಕಬೇಡಿ.

ಬ್ಲೌಸ್ ಹೊಲಿಯುವ ಟೇಲರ್ ಮಾಸ್ಟರಿಗೆ ಮಾತ್ರ ಯಾರೂ ಭಕ್ಷೀಸು ಕೊಟ್ಟದ್ದನ್ನು ನಾನು ಕಂಡಿಲ್ಲ. ಹೇಳಿದ ದಿನ ಕೊಟ್ಟವರು ಸಿಕ್ಕರೆ ಬಹುಶಃ ನಾನೇ ಮೊದಲು ಕೊಟ್ಟೇನು.

ನೀವು ಹಬ್ಬಕ್ಕೆ ದಾವಣಗೆರೆಗೆ ಹೋಗುವುದಾಗಿ ಬರೆದಿದ್ದೀರಿ. ಇಲ್ಲಿ ದೀಪಾವಳಿ ಹಸು-ಕರುವಿನ ಪೂಜೆಯ ದಿನವಾದ ವಸುಬಾರಸ್‌ನಿಂದಲೇ ಶುರುವಾಗುತ್ತದೆ, ಬಾಯಿಯವರ ಮನೆಯ ಖರೀದಿ ಅದಕ್ಕೂ ಮುಂಚೆ ಆಗಬೇಕು. ಆದ್ದರಿಂದ ಅವರ ಬೋನಸ್ಸನ್ನು ಹೊರಡುವ ವಾರ ಮೊದಲೇ ಕೊಟ್ಟುಬಿಡಿ. ಐವತ್ತು, ನೂರರ ನೋಟುಗಳನ್ನೂ ಈಗಲೇ ಬ್ಯಾಂಕಿನಿಂದ ತಂದಿಟ್ಟುಕೊಳ್ಳಿ, ಹಬ್ಬದ ವಾರದಲ್ಲಿ ಮುಲುಂಡಿನ ಯಾವ ಅಂಗಡಿಯಲ್ಲೂ ಐನೂರಕ್ಕೆ ಚಿಲ್ಲರೆ ಹುಟ್ಟುವುದಿಲ್ಲ.