ಪಾರ್ಕಿಗೆ ಕ್ಯಾಮೆರಾ ಹಾಕಿಸಿದ್ದೇವೆ, ಆದರೂ ಕತ್ತಲಾದ ಮೇಲೆ ಹೆಂಗಸರು ಯಾಕೆ ಬರುವುದಿಲ್ಲ?

ನಿಮ್ಮ ಬಡಾವಣೆಯ ಪಾರ್ಕಿಗೆ ಸಂಘದವರು ಆರಡಿ ಗೋಡೆ ಎಬ್ಬಿಸಿ, ಕ್ಯಾಮೆರಾ ಹಾಕಿಸಿ, ಒಬ್ಬ ಸೆಕ್ಯುರಿಟಿಯನ್ನೂ ಇಟ್ಟಿದ್ದಾರೆ. ಆದರೂ ಏಳು ಗಂಟೆ ಮೇಲೆ ಹೆಂಗಸರು ಆ ಕಡೆ ತಲೆ ಹಾಕುವುದಿಲ್ಲ ಅಂದಿದ್ದೀರಿ. ಗೇಟಿನ ಮುಂದಿನ ತಳ್ಳುಗಾಡಿಗಳನ್ನೂ ಎಬ್ಬಿಸಿದರೆ ಸರಿಹೋದೀತೇ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್. ನನ್ನ ಮಾತು ಉಲ್ಟಾ ಅನ್ನಿಸಬಹುದು. ಗಾಡಿಗಳನ್ನು ಬಿಡಿ, ಗೋಡೆ ಇಳಿಸಿ.

ಕತ್ತಲಲ್ಲಿ ಧೈರ್ಯ ಬರುವುದು ಸುತ್ತ ಜನ ಇದ್ದಾಗ, ಅದರಲ್ಲೂ ಇನ್ನೊಂದಿಷ್ಟು ಹೆಂಗಸರು ಇದ್ದಾಗ. ಆರಡಿ ಗೋಡೆಯ ಒಳಗೆ ಏನಾದರೂ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಕ್ಯಾಮೆರಾ ಆಮೇಲೆ ಸಾಕ್ಷಿಗೆ ಬರುತ್ತದೆ ನಿಜ, ಆದರೆ ಆ ಹೊತ್ತಿಗೆ ಎದ್ದು ಬರುವುದಿಲ್ಲವಲ್ಲ? ಗೇಟಿನ ಹತ್ತಿರ ಜೋಳ ಸುಡುವ ಅಮ್ಮ ಎದ್ದು ಬರುತ್ತಾರೆ. ದಿನಾ ಬರುವವರು ಯಾರು, ಹೊಸಬರು ಯಾರು ಅಂತ ಅವರಿಗೆ ಗೊತ್ತು. ಬೀದಿಯನ್ನು ಕಾಯುವುದು ಅಂಗಡಿಯವರ, ಅಕ್ಕಪಕ್ಕದ ಮನೆಯವರ ಕಣ್ಣು ಅಂತ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಅಮೆರಿಕದ ನಗರಗಳ ಬಗ್ಗೆ ಬರೆದಿದ್ದರು. ಅಂದಹಾಗೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತೆಯೂ ಇಲ್ಲ.

ಒಂದು ಸಂಜೆ ಪಾರ್ಕಿನಲ್ಲಿ ಸುಮ್ನೆ ಕೂತು ನೋಡಿ. ಗಂಡಸರು ಬೆಂಚಿನ ಮೇಲೆ ಕಾಲು ಚಾಚಿ, ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿರುತ್ತಾರೆ. ಹೆಂಗಸರು ಕಾಲಿಗೆ ಶೂ, ಕಿವಿಗೆ ಇಯರ್‌ಫೋನ್ ಹಾಕಿ ಸುತ್ತುತ್ತಲೇ ಇರುತ್ತಾರೆ. ಕೂತರೆ ಪಕ್ಕದಲ್ಲಿ ಮಗು ಇರಬೇಕು, ಇಲ್ಲಾ ಫೋನಿನಲ್ಲಿ ಮಾತಾಡುತ್ತಿರಬೇಕು. ಯಾರೂ ಬಾಯಿಬಿಟ್ಟು ಕೇಳದಿದ್ದರೂ ‘ಇಲ್ಲಿ ನಿನಗೇನು ಕೆಲಸ’ ಅನ್ನುವ ಪ್ರಶ್ನೆಗೆ ಉತ್ತರ ಹಿಡಿದುಕೊಂಡೇ ಬಂದಿರುತ್ತಾರೆ. ಬೆಂಗಳೂರಿನಲ್ಲಿ 2003ರಲ್ಲಿ ಜಾಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಎಂಬ ಗುಂಪು ಇದನ್ನೇ ಹಿಡಿದುಕೊಂಡು, ಹೆಂಗಸರೆಲ್ಲ ಸೇರಿ ಪಾರ್ಕಿಗೆ ಹೋಗಿ ನಿದ್ದೆ ಮಾಡುವ ಕಾರ್ಯಕ್ರಮ ನಡೆಸಿತು. ಕೇಳಿದರೆ ನಗು ಬರಬಹುದು. ನೀವೇ ಹಾಗೆ ಮಲಗಿ ನೋಡಿ, ಕಣ್ಣು ಮುಚ್ಚುವುದೇ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಹಾಗಾದರೆ ವಿನ್ಯಾಸದಿಂದ ಏನಾಗುತ್ತದೆ? ಆಸ್ಟ್ರಿಯಾದ ವಿಯೆನ್ನಾ ನೋಡಿ. 1990ರ ದಶಕದಲ್ಲಿ ಅಲ್ಲಿನ ಪಾಲಿಕೆ ಪಾರ್ಕುಗಳಲ್ಲಿ ಮಕ್ಕಳು ಹೇಗೆ ಆಡುತ್ತಾರೆ ಅಂತ ಅಧ್ಯಯನ ಮಾಡಿಸಿತು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಬರುವುದೇ ಕಡಿಮೆಯಾಗುತ್ತಿತ್ತು. ಹುಡುಗರು ಮಾತ್ರ ಮೊದಲಿನ ಹಾಗೇ ಬರುತ್ತಿದ್ದರು. ನಿಯಮ ಏನೂ ಅಡ್ಡ ಬಂದಿರಲಿಲ್ಲ, ಹುಡುಗಿಯರಿಗೆ ಯಾರೂ ಬರಕೂಡದು ಅಂದಿರಲಿಲ್ಲ. ಅಲ್ಲಿನ ಆಟದ ಅಂಕಣಗಳಿಗೆ ಸುತ್ತ ಜಾಲರಿ, ಅವನ್ನು ಪಂಜರ ಅಂತಲೇ ಕರೆಯುತ್ತಾರೆ. ಅಂಥದ್ದಕ್ಕೆ ಒಂದೇ ಬಾಗಿಲಿದ್ದರೆ ಅಲ್ಲಿ ನಾಲ್ಕು ಹುಡುಗರು ನಿಂತರೂ ಸಾಕು, ಮುಗಿಯಿತು. ಐನ್‌ಸೀಡ್ಲರ್ ಪಾರ್ಕಿನಲ್ಲಿ ಬಾಗಿಲುಗಳನ್ನು ಹೆಚ್ಚಿಸಿದರು, ಬಯಲನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಜಾಗ ಮಾಡಿದರು. ಹುಡುಗಿಯರು ವಾಪಸ್ ಬಂದರು. ನಗರ ಯೋಜಕಿ ಎವಾ ಕಾಯ್ಲ್ ಮತ್ತು ಜೊತೆಗಾರರು ಇದರ ಹಿಂದಿದ್ದರು. ಹುಡುಗಿಯರಿಗೇ ಅಂತ ಬೇರೆ ಪಾರ್ಕು ಕಟ್ಟಿ, ಅದಕ್ಕೆ ಗುಲಾಬಿ ಬಣ್ಣ ಬಳಿದು ಕೈತೊಳೆದುಕೊಳ್ಳಲಿಲ್ಲ ಅನ್ನುವುದು ನನಗೆ ಇಷ್ಟವಾದ ವಿಷಯ.

ನಿಮ್ಮ ಪಾರ್ಕಿಗೂ ಒಂದೇ ಗೇಟು ಇರಬೇಕು ಅಂತ ನನ್ನ ಅಂದಾಜು. ಇನ್ನೊಂದು ಮಾಡಿಸಿ. ಗೋಡೆ ಎರಡಡಿ ಸಾಕು, ಅದರ ಮೇಲೆ ಗ್ರಿಲ್. ಗಿಡಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಿ. ದೀಪದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಎತ್ತರದ ಕಂಬಕ್ಕೆ ದೊಡ್ಡ ಲೈಟು ಹಾಕಿಸುತ್ತಾರೆ, ಹೊಂಗೆ ಮರದ ನೆತ್ತಿಯೆಲ್ಲ ಬೆಳಗುತ್ತದೆ, ಕೆಳಗೆ ನಡೆಯುವ ದಾರಿ ಕತ್ತಲು. ಮರದ ಕೊಂಬೆಗಿಂತ ಕೆಳಗೆ, ಹತ್ತು ಹನ್ನೆರಡು ಅಡಿಯಲ್ಲಿ ಚಿಕ್ಕ ದೀಪಗಳು ಸಾಲಾಗಿ ಇರಲಿ. ಎದುರಿಗೆ ಬರುವವರ ಮುಖ ಸ್ವಲ್ಪ ದೂರದಿಂದಲೇ ಗುರುತು ಸಿಗಬೇಕು, ಅಷ್ಟೇ ಲೆಕ್ಕ. ಕಣ್ಣು ಕುಕ್ಕುವ ಬೆಳಕಾದರೆ ಅದರಾಚೆಯ ಕತ್ತಲು ಇನ್ನೂ ಜಾಸ್ತಿಯಾಗುತ್ತದೆ. ಬೆಂಚುಗಳೂ ಎಲ್ಲೋ ಮೂಲೆಯಲ್ಲಿರುವ ಬದಲು ಜನ ಓಡಾಡುವ ದಾರಿಯ ಪಕ್ಕಕ್ಕೆ ಬರಲಿ.

ಇನ್ನು ಸೆಕ್ಯುರಿಟಿಯವರು. ಅವರು ಯಾರನ್ನು ತಡೆಯುತ್ತಾರೆ ಅಂತ ಗಮನಿಸಿದ್ದೀರಾ? ಸಾಮಾನ್ಯವಾಗಿ ಜೋಡಿಯಾಗಿ ಕೂತ ಹುಡುಗ ಹುಡುಗಿಯನ್ನು ಎಬ್ಬಿಸುತ್ತಾರೆ, ಮನೆಗೆಲಸ ಮುಗಿಸಿ ಬಂದವರನ್ನು ‘ಯಾವ ಮನೆ’ ಅಂತ ಕೇಳುತ್ತಾರೆ, ಲಿಂಗತ್ವ ಅಲ್ಪಸಂಖ್ಯಾತರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ಹೆಂಗಸರ ರಕ್ಷಣೆ ಅನ್ನುವ ಹೆಸರಿನಲ್ಲಿ ಅರ್ಧಕ್ಕರ್ಧ ಹೆಂಗಸರನ್ನೇ ಹೊರಗಿಟ್ಟ ಹಾಗಾಯಿತು. ಸಂಘದ ಸಭೆಯಲ್ಲಿ ಈ ಮಾತಿಗೆ ವಿರೋಧ ಬಂದೇ ಬರುತ್ತದೆ. ‘ನಮ್ಮ ಹೆಣ್ಣುಮಕ್ಕಳು’ ಅಂತ ಶುರುಮಾಡುವ ಒಬ್ಬರು ಅಂಕಲ್ ಎಲ್ಲ ಕಡೆ ಇರುತ್ತಾರೆ.

ಆ ಸಭೆಗೆ ಮುಂಚೆ ಒಂದು ನಡಿಗೆ ಮಾಡಿ. 1989ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾದ ವಿಧಾನ ಇದು, ಆಮೇಲೆ ದೆಹಲಿಯೂ ಸೇರಿ ಎಷ್ಟೋ ಊರುಗಳಲ್ಲಿ ಮಾಡಿದ್ದಾರೆ. ಕತ್ತಲಾದ ಮೇಲೆ ಆರೇಳು ಹೆಂಗಸರು ಒಟ್ಟಿಗೆ ಹೊರಡಿ. ಹೈಸ್ಕೂಲು ಹುಡುಗಿ, ಮಂಡಿನೋವಿನ ಅಜ್ಜಿ, ಪೌರಕಾರ್ಮಿಕರು, ಆ ಜೋಳದ ಅಮ್ಮ ಎಲ್ಲರೂ ಇರಲಿ. ಎಲ್ಲಿ ಹೆಜ್ಜೆ ತಾನಾಗೇ ಜೋರಾಗುತ್ತದೆ? ಇಲ್ಲಿ ಕೂಗಿದರೆ ಯಾರಿಗೆ ಕೇಳುತ್ತದೆ? ಹೊರಗೆ ಹೋಗುವ ದಾರಿ ಕಾಣುತ್ತಾ? ಇಷ್ಟನ್ನು ಪಾರ್ಕಿನ ನಕ್ಷೆಯ ಮೇಲೆ ಗುರುತು ಮಾಡಿ. ಆ ಕಾಗದ ಇಟ್ಟುಕೊಂಡು ಮಾತಾಡಿದರೆ ಸಭೆಯಲ್ಲಿ ವಾದ ಅರ್ಧ ಕಡಿಮೆಯಾಗುತ್ತದೆ.

ದುಡ್ಡು ಒಂದೇ ಕೆಲಸಕ್ಕೆ ಸಾಕಾಗುವುದಾದರೆ ಶೌಚಾಲಯಕ್ಕೆ ಹಾಕಿ. ಬಾಗಿಲಿಗೆ ಒಳಗಿನಿಂದ ಚಿಲಕ, ನೀರು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ವೀಲ್‌ಚೇರ್ ಹೋಗುವಷ್ಟು ಅಗಲದ ಬಾಗಿಲು ಇರಲಿ. ಬೆಳಗ್ಗೆ ಕಸ ಗುಡಿಸಲು ಬರುವ ಪೌರಕಾರ್ಮಿಕರಿಗೂ ಅದು ತೆರೆದಿರಬೇಕು. ಅದರ ಬೀಗದ ಕೈ ಈಗ ಯಾರ ಜೇಬಿನಲ್ಲಿದೆ ಅಂತ ಮೊದಲು ವಿಚಾರಿಸಿ.