ಹುಲ್ಲಿನಿಂದ ಹಿಂದಕ್ಕೆ ಬಂದ ಹುಡುಗ

ಸ್ಟೇರಿಂಗಿನ ಹಿಂದಿನಿಂದ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲುಪಾಲು ಕ್ಲಚ್ಚು, ಮೈಲೇಜು, ಇನ್ಶೂರೆನ್ಸಿನವು. ಕಳೆದ ಸಂಚಿಕೆಯಲ್ಲಿ ಬ್ರೇಕಿನ ವಿಷಯ ಬರೆಯುವಾಗ, ಆಸ್ಟ್ರೇಲಿಯಾದ ಫಾರ್ಮುಲಾ ಒನ್ ಕಾರು ರೇಸಿನ ಚಾಲಕ ಆಸ್ಕರ್ ಪಿಯಾಸ್ಟ್ರಿ ನನ್ನ ಅಚ್ಚುಮೆಚ್ಚಿನ ಹುಡುಗ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ! ಬದಿಯಡ್ಕ, ಪೆರ್ಲ, ಉಪ್ಪಳದ ಮನೆಗಳಲ್ಲಿ ನಿದ್ದೆಗೆಟ್ಟು ರೇಸು ನೋಡುವವರು ಇಷ್ಟು ಮಂದಿ ಇದ್ದಾರೆಂದು ಗೊತ್ತಾಗಿ ನನಗೆ ಮನೆ ತುಂಬಾ ನೆಂಟರು ಬಂದ ಹಾಗೆ ಆಗಿದೆ. ಕ್ಲಚ್ಚಿನವರು ಈ ಒಂದು ತಿಂಗಳು ಕಾಯಬೇಕು.

ಅಕ್ಕ, ಕ್ರಿಕೆಟಿನಲ್ಲಿ ಆಸ್ಟ್ರೇಲಿಯ ಅಂದರೆ ನಮಗೆಲ್ಲ ಹೊಟ್ಟೆಯುರಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಇನ್ನೂ ಮರೆತಿಲ್ಲ. ಆ ದೇಶದವನನ್ನು ನೀವು ಇಷ್ಟು ಹಚ್ಚಿಕೊಂಡದ್ದು ಹೇಗೆ?
— ಓದುಗರೊಬ್ಬರು, ಪೆರ್ಲ

ಆ ರಾತ್ರಿ ನಮ್ಮ ಮನೆಯಲ್ಲೂ ಅನ್ನದ ಪಾತ್ರೆಯ ಮುಚ್ಚಳ ತೆಗೆದವರಿಲ್ಲ. ಆದರೆ ನನಗೆ ಆಸ್ಟ್ರೇಲಿಯ ಅಂದ ಕೂಡಲೇ ನೆನಪಾಗುವುದು ಮಾರ್ಕ್ ವೆಬರ್. 2002ರಲ್ಲಿ ತವರಿನ ಮೆಲ್ಬರ್ನಿನಲ್ಲಿಯೇ ಅವನ ಮೊದಲ ಫಾರ್ಮುಲಾ ಒನ್ ರೇಸು. ಮಿನಾರ್ಡಿ ಎಂಬ ಬಡ ತಂಡದ ಕಾರು, ಆದರೂ ಐದನೇ ಸ್ಥಾನ. 2008ರ ಕೊನೆಗೆ ಟಾಸ್ಮೇನಿಯಾದಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಬಡಿದು ಕಾಲು ಮುರಿಯಿತು. ಮರುವರ್ಷ ಜುಲೈಯಲ್ಲಿ ಜರ್ಮನಿಯಲ್ಲಿ ಗೆದ್ದ. ಅದು ಅವನ 130ನೇ ರೇಸು, ಮೊದಲ ಗೆಲುವು. 129 ಸಲ ಗೆಲ್ಲದೆ ಮನೆಗೆ ಹೋಗಿ, ಮತ್ತೆ ಬಂದು ಸೀಟಿನಲ್ಲಿ ಕೂರುವುದೆಂದರೆ ಎಂತದು ಅಂತ ಆವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

2013ರ ಬ್ರೆಜಿಲ್ ಅವನ ಕೊನೆಯ ಫಾರ್ಮುಲಾ ಒನ್ ರೇಸು. ಬಾವುಟ ಬಿದ್ದ ಮೇಲೆ ಹಿಂದಿರುಗುವ ಸುತ್ತಿನಲ್ಲಿ ಹೆಲ್ಮೆಟ್ ಕಳಚಿ, ಗಾಳಿಗೆ ಮುಖ ಒಡ್ಡಿಕೊಂಡು ಬರಿತಲೆಯಲ್ಲಿ ಬಂದ. ಹೆಲ್ಮೆಟ್ ಹಾಕಿ, ಹೆಲ್ಮೆಟ್ ಹಾಕಿ ಎಂದು ದಿನಕ್ಕೆ ಹತ್ತು ಸಲ ಹೇಳುವವಳು ನಾನು. ಆ ಒಂದು ಸಲ ಏನೂ ಹೇಳದೆ ಕಣ್ಣೊರೆಸಿಕೊಂಡೆ. ಇಂದು ಆ ವೆಬರನೇ ಪಿಯಾಸ್ಟ್ರಿಯ ಮ್ಯಾನೇಜರ್. ಹಾಗಾಗಿ ಹುಡುಗ ನನಗೆ ಹೊರಗಿನವನಾಗಿ ಬರಲೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಜಾಕ್ ಬ್ರಾಬಮ್ ಇದ್ದಾರೆ. 1959ರಲ್ಲಿ ಅಮೆರಿಕದ ಸೆಬ್ರಿಂಗಿನಲ್ಲಿ ಕೊನೆಯ ಸುತ್ತಿನಲ್ಲಿ ಪೆಟ್ರೋಲು ಮುಗಿದಾಗ, ಇಳಿದು ಕಾರನ್ನು ತಾವೇ ದೂಡಿ ಗೆರೆ ದಾಟಿಸಿದರು. ನಾಲ್ಕನೇ ಸ್ಥಾನ ಬಂತು, ವಿಶ್ವ ಚಾಂಪಿಯನ್ ಪಟ್ಟವೂ ಬಂತು. ಏರಿನಲ್ಲಿ ಜೀಪು ದೂಡಿ ಗೊತ್ತಿರುವ ನಮ್ಮ ಕಡೆಯವರಿಗೆ ಆ ಮನುಷ್ಯ ಯಾರೆಂದು ವಿವರಿಸಬೇಕಾಗಿಲ್ಲ.

ಪಿಯಾಸ್ಟ್ರಿ ಗೆದ್ದರೂ ನಗುವುದಿಲ್ಲ, ಸೋತರೂ ಮುಖ ಬಾಡುವುದಿಲ್ಲ. ಅದನ್ನು ವಿನಯ ಅನ್ನುತ್ತಾರೆ. ನನಗೆ ಜಂಬದ ಹಾಗೆ ಕಾಣುತ್ತದೆ.
— ಕಾಲೇಜು ವಿದ್ಯಾರ್ಥಿನಿ, ಉಪ್ಪಳ

ಮಗಳೇ, ಮುಖ ಬಿಟ್ಟು ಕೈ ನೋಡು. 2025ರ ಮಾರ್ಚ್ 16ರ ಮೆಲ್ಬರ್ನ್ ರೇಸನ್ನು ಇನ್ನೊಮ್ಮೆ ಹಾಕಿ ನೋಡು.

ಅವನು ಹುಟ್ಟಿದ ಊರು ಅದು. ವಿಶ್ವ ಚಾಂಪಿಯನ್‌ಷಿಪ್ಪಿನ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರಿ ರೇಸಿನಲ್ಲಿ ಈವರೆಗೆ ಒಬ್ಬನೇ ಒಬ್ಬ ಆಸ್ಟ್ರೇಲಿಯದವನೂ ಮೊದಲ ಮೂರರಲ್ಲಿ ಉಳಿದದ್ದಿಲ್ಲ. 2014ರಲ್ಲಿ ಡೇನಿಯಲ್ ರಿಕಾರ್ಡೊ ಎರಡನೆಯವನಾಗಿ ಪೋಡಿಯಂ ಏರಿದ್ದ, ಇಂಧನದ ನಿಯಮ ಮೀರಿತೆಂದು ಅದನ್ನೂ ಕಿತ್ತುಕೊಂಡರು. ಈ ಹುಡುಗ ಆ ದಿನ ಎರಡನೇ ಸ್ಥಾನದಲ್ಲಿದ್ದ, ಮುಂದೆ ಇದ್ದದ್ದು ಅವನದೇ ಮೆಕ್ಲಾರೆನ್ ತಂಡದ ಲ್ಯಾಂಡೊ ನಾರಿಸ್. ನಮ್ಮಲ್ಲಿ ಹನ್ನೊಂದರ ಹೊತ್ತು, ನಾನು ಒಲೆಯ ಮೇಲೆ ಸಾಂಬಾರು ಇಟ್ಟು ಟಿವಿಯ ಮುಂದೆ ನಿಂತಿದ್ದೆ. ಅಲ್ಲಿ ಮಳೆ ಬಂತು. ಇಬ್ಬರ ಕಾರೂ ಜಾರಿತು. ನಾರಿಸ್ ಹೇಗೋ ರಸ್ತೆ ಹಿಡಿದ. ಇವನ ಕಾರು ಸುತ್ತಿ, ಒದ್ದೆ ಹುಲ್ಲಿನಲ್ಲಿ ಕೂತಿತು.

ನಮ್ಮ ಕೇರಳದ ಲೈಸೆನ್ಸ್ ಪರೀಕ್ಷೆಯಲ್ಲಿ ಕಾರಿಗೆ ‘ಎಚ್’ ತೆಗೆಯಬೇಕಲ್ಲ, ಇಪ್ಪತ್ತಾರು ವರ್ಷದಿಂದ ಅದನ್ನೇ ಕಲಿಸುತ್ತಿದ್ದೇನೆ. ನೆಟ್ಟ ಸರಳುಗಳ ನಡುವೆ ಮುಂದಕ್ಕೆ ಯಾರೂ ಹೋಗುತ್ತಾರೆ. ಫೇಲಾಗುವುದೆಲ್ಲ ರಿವರ್ಸಿನಲ್ಲಿ. ಗಾಬರಿಯಾದ ಕೂಡಲೇ ಬಲಗಾಲು ಆಕ್ಸಿಲರೇಟರನ್ನು ಒತ್ತುತ್ತದೆ, ಸ್ಟೇರಿಂಗು ಎರಡೂ ಕಡೆ ಒದ್ದಾಡುತ್ತದೆ, ಸರಳು ಬೀಳುತ್ತದೆ. ಕೆಸರಿನಲ್ಲಿಯಂತೂ ಒತ್ತಿದಷ್ಟೂ ಚಕ್ರ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಫಾರ್ಮುಲಾ ಒನ್ ಕಾರಿಗೂ ರಿವರ್ಸ್ ಗೇರು ಇರಲೇಬೇಕೆಂಬ ನಿಯಮವಿದೆ, ಆದರೆ ಅದನ್ನು ಉಪಯೋಗಿಸುವ ಸಂದರ್ಭವೇ ಅಪರೂಪ. ಪಿಯಾಸ್ಟ್ರಿಯ ಹಿಂದಿನ ಚಕ್ರಗಳು ಹುಲ್ಲಿನಲ್ಲಿ ಸುಮ್ಮನೆ ತಿರುಗುತ್ತಿದ್ದವು. ಊರಿನವರ ಗ್ಯಾಲರಿ, ಎದುರಿನಲ್ಲಿ ಒಬ್ಬೊಬ್ಬರೇ ದಾಟಿ ಹೋಗುತ್ತಿದ್ದಾರೆ. ಅವನು ಸ್ವಲ್ಪ ಕೊಟ್ಟ, ಬಿಟ್ಟ. ಸ್ವಲ್ಪ ಕೊಟ್ಟ, ಬಿಟ್ಟ. ಗೇಣು ಗೇಣಾಗಿ ಹಿಂದೆ ಬಂದು ಟಾರು ಮುಟ್ಟಿದ. ಅಷ್ಟರಲ್ಲಿ ಹದಿಮೂರನೇ ಸ್ಥಾನಕ್ಕೆ ಬಿದ್ದಾಗಿತ್ತು. ಕೊನೆಯ ಸುತ್ತಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ನನ್ನು, ಏಳು ಸಲದ ಚಾಂಪಿಯನ್ನನ್ನು, ತಿರುವಿನ ಹೊರಬದಿಯಿಂದ ದಾಟಿ ಒಂಬತ್ತನೆಯವನಾದ. ಸಿಕ್ಕಿದ್ದು ಎರಡು ಅಂಕ.

ಸಾಂಬಾರು ತಳ ಹಿಡಿದಿತ್ತು. ಮರುದಿನ ಬೆಳಿಗ್ಗೆ ಕ್ಲಾಸಿಗೆ ಬಂದ ನಾಲ್ವರಿಗೂ ಆ ತುಣುಕನ್ನು ಫೋನಿನಲ್ಲಿ ತೋರಿಸಿದೆ. ಈಗ ಹೊಸಬರು ಬಂದರೆ ಮೊದಲ ಪಾಠವೇ ಅದು. ಜಂಬದವನು ಎರಡು ಅಂಕಕ್ಕೆ ಅಷ್ಟು ಹೊತ್ತು ಹುಲ್ಲಿನಲ್ಲಿ ಒದ್ದಾಡುವುದಿಲ್ಲ, ಇಳಿದು ಹೋಗುತ್ತಾನೆ.

2022ರಲ್ಲಿ ತನ್ನನ್ನು ಸಾಕಿದ ಆಲ್ಪೀನ್ ತಂಡಕ್ಕೆ ಎಲ್ಲರೆದುರು ‘ಬರುವುದಿಲ್ಲ’ ಅಂದವನು. ಇವನ ವಿನಯ ಆಗ ಎಲ್ಲಿತ್ತು?
— ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ನಡೆದದ್ದನ್ನು ನೋಡಿ ಸರ್. ಫಾರ್ಮುಲಾ ಒನ್ನಿಗೆ ಏರುವ ಮೆಟ್ಟಿಲಿನಂಥ ರೇಸುಗಳಿವೆ. 2019ರಲ್ಲಿ ಫಾರ್ಮುಲಾ ರೆನೊ ಯೂರೊಕಪ್, 2020ರಲ್ಲಿ ಫಾರ್ಮುಲಾ ತ್ರೀ, 2021ರಲ್ಲಿ ಫಾರ್ಮುಲಾ ಟೂ. ಮೂರು ವರ್ಷ, ಮೂರು ಚಾಂಪಿಯನ್ ಪಟ್ಟ. ಆಮೇಲೆ 2022 ಪೂರ್ತಿ ರಿಸರ್ವ್ ಎಂದು ಬೆಂಚಿನಲ್ಲಿ ಕೂರಿಸಿದರು. ಆಗಸ್ಟ್ 2ರಂದು ಆಲ್ಪೀನ್‌ನವರು ‘ಮುಂದಿನ ವರ್ಷ ಇವನೇ ನಮ್ಮ ಚಾಲಕ’ ಎಂದು ಪ್ರಕಟಿಸಿದಾಗ, ನನ್ನ ಒಪ್ಪಿಗೆ ಇಲ್ಲದೆ ಹೇಳಿದ್ದಾರೆ, ನಾನು ಸಹಿ ಹಾಕಿಲ್ಲ ಎಂದು ಕೆಲವೇ ಗಂಟೆಗಳಲ್ಲಿ ಬರೆದ. ಒಪ್ಪಂದಗಳನ್ನು ಪರಿಶೀಲಿಸುವ ಮಂಡಳಿ ಸೆಪ್ಟೆಂಬರಿನಲ್ಲಿ ಮೆಕ್ಲಾರೆನ್ ಜೊತೆಗಿನ ಒಪ್ಪಂದವೇ ಸರಿ ಎಂದಿತು. ತಗ್ಗಿ ನಡೆಯುವುದೆಂದರೆ ತನ್ನ ಬದಲು ಬೇರೆಯವರು ಸಹಿ ಹಾಕಲು ಬಿಡುವುದಲ್ಲ ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಎಷ್ಟೋ ಮೆತ್ತಗಿನ ಮಕ್ಕಳನ್ನು ಕಂಡ ನಿಮಗೆ ಇದು ಗೊತ್ತಿರುತ್ತದೆ.

ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಮೆಕ್ಲಾರೆನ್ ತಂಡದಲ್ಲಿ ಅವನು ಕೂತದ್ದು ರಿಕಾರ್ಡೊನ ಸೀಟಿನಲ್ಲಿ, ತನ್ನದೇ ದೇಶದ ಹಿರಿಯನ ಸೀಟಿನಲ್ಲಿ. 2018ರ ಮೊನಾಕೊದಲ್ಲಿ ಕಾರಿನ ಶಕ್ತಿಯ ಒಂದು ಪಾಲು ಕೈಕೊಟ್ಟ ಮೇಲೂ ಹಿಂದಿದ್ದ ಫೆಟೆಲ್‌ಗೆ ದಾರಿ ಕೊಡದೆ ಗೆದ್ದ ರಿಕಾರ್ಡೊ ಅವನು. ಒಬ್ಬರ ಏಳಿಗೆಯಲ್ಲಿ ಇನ್ನೊಬ್ಬರ ಇಳಿಗೆ ಇರುತ್ತದಲ್ಲ, ಅದು ಈಗಲೂ ಒಂದಿಷ್ಟು ಚುಚ್ಚುತ್ತದೆ.

ಇಟಲಿಯ ಮೊನ್ಜಾದಲ್ಲಿ ನಾರಿಸ್‌ಗೆ ಸ್ಥಾನ ಬಿಟ್ಟುಕೊಟ್ಟದ್ದರಿಂದಲೇ ಪಿಯಾಸ್ಟ್ರಿ ಚಾಂಪಿಯನ್ ಪಟ್ಟ ಕಳೆದುಕೊಂಡ. ಹೌದೋ ಅಲ್ಲವೋ?
— ಆಟೋ ಚಾಲಕರು, ಕುಂಬಳೆ

ಅಲ್ಲ. ಲೆಕ್ಕ ಹಾಕುವ. 2025ರ ಮೊನ್ಜಾದಲ್ಲಿ ನಾರಿಸ್‌ನ ಚಕ್ರ ಬದಲಿಸಲು ತಂಡ ತಡಮಾಡಿತು, ಅದರಿಂದ ಪಿಯಾಸ್ಟ್ರಿ ಮುಂದೆ ಬಂದ. ತಂಡ ಸ್ಥಾನ ವಾಪಸ್ ಕೊಡು ಎಂದಿತು. ಚಕ್ರ ಬದಲಿಸಲು ತಡವಾದರೆ ಅದೂ ರೇಸಿನದೇ ಭಾಗ ಅಂತ ನಾವೇ ಮಾತಾಡಿಕೊಂಡಿದ್ದೆವಲ್ಲ ಎಂದು ರೇಡಿಯೊದಲ್ಲಿ ಒಂದು ಸಲ ಹೇಳಿದ, ಮತ್ತೆ ಬಿಟ್ಟುಕೊಟ್ಟ. ಎರಡನೆಯವನಿಗೆ 18 ಅಂಕ, ಮೂರನೆಯವನಿಗೆ 15. ವರ್ಷದ ಕೊನೆಗೆ ನಾರಿಸ್ 423, ರೆಡ್ ಬುಲ್ ತಂಡದ ವೆರ್ಸ್ಟಾಪೆನ್ 421, ಪಿಯಾಸ್ಟ್ರಿ 410. ಬಿಟ್ಟುಕೊಡದೇ ಇದ್ದಿದ್ದರೆ, ಉಳಿದದ್ದೆಲ್ಲ ಹಾಗೆಯೇ ಇದ್ದರೆ, ಪಿಯಾಸ್ಟ್ರಿಗೆ 413, ನಾರಿಸ್‌ಗೆ 420. ಚಾಂಪಿಯನ್ ಆಗುತ್ತಿದ್ದದ್ದು 421ರ ವೆರ್ಸ್ಟಾಪೆನ್! ಆ ಮೂರು ಅಂಕ ತಂಡಕ್ಕೆ ಪಟ್ಟ ಉಳಿಸಿಕೊಟ್ಟಿತು, ಕೊಟ್ಟವನಿಗೆ ಮೂರನೇ ಸ್ಥಾನ. ಹಿಂದಿನ ವರ್ಷ ಹಂಗೆರಿಯಲ್ಲಿ ಇದೇ ನಾರಿಸ್, ಕೊನೆಗೆ ಮೂರು ಸುತ್ತು ಇರುವಾಗ ಇವನಿಗೆ ದಾರಿ ಬಿಟ್ಟಿದ್ದ. ಪಿಯಾಸ್ಟ್ರಿಯ ಮೊದಲ ಗ್ರ್ಯಾನ್ ಪ್ರಿ ಗೆಲುವು ಅದು. ಆ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಸೋತದ್ದೆಲ್ಲಿ? ಆಗಸ್ಟಿನಲ್ಲಿ 34 ಅಂಕ ಮುಂದೆ ಇದ್ದವನಲ್ಲವೇ?
— ಅವರೇ, ಅದೇ ಪತ್ರದಲ್ಲಿ

ಅಜೆರ್ಬೈಜಾನಿನ ಬಾಕುವಿನಿಂದ ಜಾರಿದ. ಅರ್ಹತಾ ಸುತ್ತಿನಲ್ಲಿ ಗೋಡೆಗೆ ಬಡಿದ, ರೇಸಿನಲ್ಲಿ ಶುರುವಿನ ದೀಪ ಆರುವ ಮೊದಲೇ ಕದಲಿದ, ಮೊದಲ ಸುತ್ತಿನಲ್ಲೇ ಮತ್ತೆ ಗೋಡೆಗೆ. ಕತಾರಿನಲ್ಲಿ ಮಾತ್ರ ತಪ್ಪು ತಂಡದ್ದು. ಹೆಚ್ಚುಕಡಿಮೆ ಎಲ್ಲರೂ ಟಯರು ಬದಲಿಸಲು ಒಳಗೆ ಹೋದಾಗ ಮುಂದಿದ್ದ ಇವನನ್ನು ಕರೆಯಲಿಲ್ಲ.

ನಾನು ಬಾಕುವಿನ ಬಗ್ಗೆ ಹೇಳಬೇಕು. ಕಾರು ಸರಿಯಿಲ್ಲ, ರಸ್ತೆ ಸರಿಯಿಲ್ಲ ಎಂದು ಹೇಳಲು ಅವನಿಗೆ ಬೇಕಾದಷ್ಟು ದಾರಿ ಇತ್ತು. ಹೇಳಲಿಲ್ಲ. ತಪ್ಪು ನನ್ನದು ಎಂದ. ಅದನ್ನು ಕೇಳಿದ ರಾತ್ರಿ ನನಗೆ ಹಳೆಯದೊಂದು ವಿಷಯ ಎದೆಯಲ್ಲಿ ಕೂತಿತು.

ಹದಿನೈದು ವರ್ಷದ ಹಿಂದೆ ಒಂದು ಮಳೆಗಾಲ. ಪೆರ್ಲದ ಹತ್ತಿರ ಓಣಿಯಲ್ಲಿ ಹುಡುಗನೊಬ್ಬನಿಗೆ ರಿವರ್ಸ್ ಕಲಿಸುತ್ತಿದ್ದೆ. ನಾನು ಕೆಳಗಿಳಿದು ಬಾ, ಬಾ ಎಂದು ಕೈ ಬೀಸುತ್ತಿದ್ದವಳು. ಹುಲ್ಲು ಮುಚ್ಚಿದ ತೋಡನ್ನು ನಾನು ನೋಡಲಿಲ್ಲ. ಹಿಂದಿನ ಚಕ್ರ ಒಳಗೆ ಹೋಯಿತು, ಬಂಪರು ಮುರಕಲ್ಲಿಗೆ ಬಡಿದು ಸೀಳಿತು. ಅವನ ತಂದೆ ಬಂದಾಗ ‘ಹೇಳಿದಲ್ಲಿ ನಿಲ್ಲಿಸಲಿಲ್ಲ’ ಎಂದುಬಿಟ್ಟೆ. ಖರ್ಚು ಅವರು ಕೊಟ್ಟರು. ಹುಡುಗ ಏನೂ ಹೇಳದೆ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟು ಹೋದ. ಬಾಕು ಕಳೆದ ವಾರ ಅವನ ಮನೆಗೆ ಹೋದೆ. ಈಗ ಟಿಪ್ಪರ್ ಓಡಿಸುತ್ತಾನೆ, ಎರಡು ಮಕ್ಕಳು. ಆವತ್ತು ಬಾ ಎಂದದ್ದು ನಾನು, ತಪ್ಪು ನನ್ನದು ಅಂದೆ. ‘ಅದೆಲ್ಲ ಮರೆತು ಹೋಗಿದೆ ಅಕ್ಕ’ ಅಂದ. ಮರೆತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೆಲ್ಲದ ಕಾಫಿ ಕೊಟ್ಟ. ಕುಡಿದು ಬಂದೆ.

ನನ್ನ ಮಗನಿಗೆ ಹತ್ತು ವರ್ಷ. ರೇಸ್ ಚಾಲಕನಾಗುತ್ತೇನೆ ಎನ್ನುತ್ತಾನೆ. ನಮ್ಮಂಥವರಿಗೆ ಸಾಧ್ಯವೇ?
— ಒಬ್ಬ ತಾಯಿ, ಆದೂರು

ಸುಳ್ಳು ಭರವಸೆ ಕೊಡಲಾರೆ. ಇದು ದುಡ್ಡಿನ ಆಟ, ಕಾರ್ಟಿಂಗ್ ಎಂಬ ಪುಟ್ಟ ಕಾರುಗಳ ರೇಸಿನಲ್ಲೇ ಲಕ್ಷಗಳು ಕರಗುತ್ತವೆ. ಪಿಯಾಸ್ಟ್ರಿಯೂ ಹುಡುಗನಾಗಿರುವಾಗಲೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹೋಗಬೇಕಾಯಿತು, ಮನೆಯವರು ಭೂಮಿಯ ಆಚೆ ಬದಿಯಲ್ಲಿ. ಆದರೆ ಅವನ ಶುರು ಎಲ್ಲಿಂದ ಗೊತ್ತೇ? ರಿಮೋಟಿನ ಆಟಿಕೆ ಕಾರಿನಿಂದ. ಅದರಲ್ಲಿ ದೊಡ್ಡವರ ಎದುರು ಸ್ಪರ್ಧಿಸಿ ಗೆದ್ದವನು. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಶ್ರೀಪೆರಂಬದೂರಿನಲ್ಲಿ ಇನ್ನೊಂದು ಟ್ರ್ಯಾಕ್. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ನಿಗೆ ಕಾಲಿಟ್ಟ ಮೊದಲ ಭಾರತೀಯ. ಮೊದಲ ರೇಸು ಆದದ್ದೂ ಮೆಲ್ಬರ್ನಿನಲ್ಲೇ. ಮಗನನ್ನು ರಜೆಯಲ್ಲಿ ಒಮ್ಮೆ ಕೊಯಮತ್ತೂರಿಗೆ ಕರೆದುಕೊಂಡು ಹೋಗಿ, ಬೇಲಿಯ ಹೊರಗೆ ನಿಂತು ಶಬ್ದ ಕೇಳಿಸಿ. ಆಮೇಲೂ ಅದನ್ನೇ ಹೇಳಿದರೆ ನನಗೆ ಬರೆಯಿರಿ.

ನಾನು ಸೈಕಲ್ಲಿಗೆ 81 ಅಂತ ಬರೆದಿದ್ದೇನೆ. ಆಸ್ಕರ್‌ಗೆ 81 ಯಾಕೆ?
— ಆರನೇ ತರಗತಿ, ತಲಪಾಡಿ

ಕಾರ್ಟಿಂಗಿನಲ್ಲಿ ಅವನ ಮೊದಲ ನಂಬರು 11. ಒಂದು ಸ್ಪರ್ಧೆಯಲ್ಲಿ ಬೇರೆ ಯಾರಿಗೋ ಆಗಲೇ 11 ಇತ್ತು. ಮೊದಲ ಒಂದನ್ನು ತೆಗೆದು ಎಂಟು ಮಾಡಿಕೊಂಡ, ಅಷ್ಟೇ. ನೀನು ಯಾವ ಬಣ್ಣದಲ್ಲಿ ಬರೆದಿದ್ದೀ? ಅವನ ಕಾರಿನದು ಹಣ್ಣಾದ ಬಪ್ಪಂಗಾಯಿಯ ಬಣ್ಣ. ಮುಂದಿನ ಸಲ ಮೆಲ್ಬರ್ನ್ ರೇಸು ಬಂದಾಗ ಹೇಳುತ್ತೇನೆ. ಮನೆಯವರನ್ನು ಕೇಳಿ, ಅವರ ಜೊತೆಗೇ ನಮ್ಮಲ್ಲಿಗೆ ಬಾ. ನೀರುದೋಸೆ ಮಾಡಿಟ್ಟಿರುತ್ತೇನೆ. ಒಲೆಯನ್ನು ಈ ಸಲ ಮೊದಲೇ ಆರಿಸುತ್ತೇನೆ.